ಗಡಿ ದಾಟುವ ಸೇವೆ, ಗಡಿಯಲ್ಲಿ ನಿಲ್ಲುವ ಪರವಾನಗಿ

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಬೊಮ್ಮಸಂದ್ರಕ್ಕೆ ಹೋದವರು ಅಲ್ಲಿನ ಬೋರ್ಡುಗಳನ್ನು ಗಮನಿಸಿರಬಹುದು. ದೊಡ್ಡ ಆಸ್ಪತ್ರೆಗಳ ಆಸುಪಾಸಿನ ಗಲ್ಲಿಗಳಲ್ಲಿ ಲಾಡ್ಜು, ಔಷಧಿ ಅಂಗಡಿ, ಊಟದ ಮೆಸ್ಸುಗಳ ಹೆಸರು ಕನ್ನಡ, ಇಂಗ್ಲಿಷಿನ ಜೊತೆಗೆ ಬಂಗಾಳಿಯಲ್ಲೂ ಇರುತ್ತದೆ. ಮೆಸ್ಸಿನಲ್ಲಿ ಮಧ್ಯಾಹ್ನ ಅನ್ನ ಮತ್ತು ಸಾಸಿವೆ ಎಣ್ಣೆಯಲ್ಲಿ ಮಾಡಿದ ಮೀನಿನ ಸಾರು. ಊಟಕ್ಕೆ ಕೂತವರ ಕೈಯಲ್ಲಿ ಎಕ್ಸ್‌ರೇ ಕವರು, ಸ್ಕ್ಯಾನಿಂಗ್ ರಿಪೋರ್ಟು. ಅವರಲ್ಲಿ ಹೆಚ್ಚಿನವರು ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮಿನ ಕಡೆಯವರು. ಅವರ ನಡುವೆಯೇ ಢಾಕಾ, ಚಿತ್ತಗಾಂಗ್, ಸಿಲ್ಹೆಟ್‌ಗಳಿಂದ ಬಂದವರೂ ಇರುತ್ತಾರೆ. ನೋಡಲು ಒಂದೇ ರೀತಿ, ಮಾತು ಒಂದೇ, ಊಟವೂ ಒಂದೇ. ಆದರೆ ಬಾಂಗ್ಲಾದೇಶದವರು ಜೇಬಿನಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಬಂದಿರುತ್ತಾರೆ.

ಢಾಕಾದ ರೋಗಿಗೆ ಬೊಮ್ಮಸಂದ್ರದಲ್ಲಿ ಹೃದಯದ ಕವಾಟ ಬದಲಾಯಿಸಿದರೆ, ಲೆಕ್ಕದ ಪುಸ್ತಕದಲ್ಲಿ ಅದು ಭಾರತದ ರಫ್ತು. ಅದಕ್ಕೆ ಹಡಗು ಬೇಕಾಗಿಲ್ಲ, ಕಂಟೈನರ್ ಬೇಕಾಗಿಲ್ಲ, ಕಸ್ಟಮ್ಸ್ ಸುಂಕವೂ ಇಲ್ಲ. ಸರಕಿನ ಬದಲು ಗಿರಾಕಿಯೇ ಗಡಿ ದಾಟಿ ಬಂದು ಸೇವೆ ಕೊಂಡು ಹೋಗುತ್ತಾನೆ. ಭಾರತಕ್ಕೆ ಚಿಕಿತ್ಸೆಗೆಂದು ಬರುವ ವಿದೇಶಿಯರಲ್ಲಿ ವರ್ಷಗಳಿಂದ ಬಾಂಗ್ಲಾದೇಶೀಯರದೇ ಅತಿ ದೊಡ್ಡ ಪಾಲು. ಇಷ್ಟು ದೊಡ್ಡ ವ್ಯಾಪಾರ ನಡೆಯುತ್ತಿದ್ದರೂ ಅದನ್ನು ಕಾಯುವ ಗಟ್ಟಿ ಒಪ್ಪಂದವೊಂದು ಎರಡು ದೇಶಗಳ ನಡುವೆ ಇಲ್ಲ. ವೀಸಾ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

2024ರ ಆಗಸ್ಟ್‌ನಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ಢಾಕಾದಲ್ಲಿ ಸರ್ಕಾರ ಉರುಳಿತು, ಪ್ರಧಾನಿಯಾಗಿದ್ದ ಶೇಖ್ ಹಸೀನಾ ಭಾರತಕ್ಕೆ ಬಂದರು, ಭಾರತ ತನ್ನ ವೀಸಾ ಕೇಂದ್ರಗಳ ಕೆಲಸ ನಿಲ್ಲಿಸಿತು. ಆಮೇಲೆ ತುರ್ತು ವೈದ್ಯಕೀಯ ವೀಸಾಗಳನ್ನು ಮಾತ್ರ ಕೈಬೆರಳಲ್ಲಿ ಎಣಿಸುವಂತೆ ಕೊಡತೊಡಗಿತು. ಕೋಲ್ಕತ್ತದ ಮುಕುಂದಪುರದ ಆಸ್ಪತ್ರೆಗಳ ಸುತ್ತಲಿನ ಅತಿಥಿಗೃಹಗಳು, ನ್ಯೂ ಮಾರ್ಕೆಟ್ ಬಳಿಯ ಹೋಟೆಲುಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು. ಅರ್ಧ ಚಿಕಿತ್ಸೆ ಮುಗಿಸಿ ಊರಿಗೆ ಹೋಗಿದ್ದವರು, ಮೂರು ತಿಂಗಳ ನಂತರ ಬನ್ನಿ ಎಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದವರು ಅಲ್ಲೇ ಉಳಿದರು. ರಾಜಕೀಯದ ಬಿಸಿ ಏರಿದಾಗ ಸರಕಿನ ಲಾರಿ ನಾಲ್ಕು ದಿನ ನಿಂತರೆ ಈರುಳ್ಳಿ ಕೊಳೆಯುತ್ತದೆ. ಕ್ಯಾನ್ಸರ್ ರೋಗಿಗೆ ಒಂದು ಸುತ್ತಿನ ಕೀಮೊಥೆರಪಿ ತಪ್ಪಿದರೆ ಕಳೆದುಹೋಗಬಹುದಾದದ್ದು ಜೀವವೇ. ನೆರೆಯ ದೇಶಗಳ ಸೇವಾ ವ್ಯಾಪಾರದ ನೀತಿಯನ್ನು ಕುರಿತ ಚರ್ಚೆ ಆ ರೋಗಿಯಿಂದಲೇ ಶುರುವಾಗಬೇಕು.

ಸೇವೆಗಳು ಗಡಿ ದಾಟುವ ಬಗೆ ಇದೊಂದೇ ಅಲ್ಲ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೇ ಜಾರಿಗೆ ಬಂದ ಸೇವಾ ವ್ಯಾಪಾರ ಒಪ್ಪಂದ ನಾಲ್ಕು ಬಗೆಗಳನ್ನು ಗುರುತಿಸಿದೆ. ಬೆಂಗಳೂರಿನ ಕಂಪನಿ ಕೂತಲ್ಲಿಂದಲೇ ಕೊಲಂಬೊದ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆದುಕೊಟ್ಟರೆ ಸೇವೆ ಮಾತ್ರ ಗಡಿ ದಾಟಿತು. ಬೊಮ್ಮಸಂದ್ರದಲ್ಲಾದರೆ ಗಿರಾಕಿ ದಾಟಿದ. ಕಂಪನಿಯೇ ಪಕ್ಕದ ದೇಶಕ್ಕೆ ಹೋಗಿ ಶಾಖೆ ತೆರೆದರೆ ಬಂಡವಾಳ ದಾಟಿತು. ಒಬ್ಬ ಎಂಜಿನಿಯರ್ ಅಥವಾ ಒಬ್ಬ ನರ್ಸ್ ಕೆಲಸಕ್ಕೆಂದು ಹೋದರೆ ಮನುಷ್ಯನೇ ದಾಟಿದ. ಮೊದಲನೆಯದಕ್ಕೆ ಯಾವ ಸರ್ಕಾರವೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲರೂ ಹೆದರುವುದು ಕೊನೆಯದಕ್ಕೆ.

ಬಂಡವಾಳ ಗಡಿ ದಾಟಿದ್ದಕ್ಕೆ ಕರ್ನಾಟಕದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. 1994ರಲ್ಲಿ ಮಣಿಪಾಲದ ಶಿಕ್ಷಣ ಸಮೂಹ ನೇಪಾಳ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಪೋಖರಾದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಅದು ನೇಪಾಳದ ಮೊದಮೊದಲ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದು. ಪದವಿ ಕೊಡುವುದು ಕಠ್ಮಂಡು ವಿಶ್ವವಿದ್ಯಾಲಯ. ಫೇವಾ ಸರೋವರದ ಊರಿನಲ್ಲಿ, ಅನ್ನಪೂರ್ಣಾ ಶಿಖರಗಳು ಕಾಣುವ ಬಯಲಿನಲ್ಲಿ, ಉಡುಪಿ ಜಿಲ್ಲೆಯ ಒಂದು ಸಂಸ್ಥೆ ಬೋಧನಾ ಆಸ್ಪತ್ರೆ ಕಟ್ಟಿತು. ನೇಪಾಳದವರ ಜೊತೆಗೆ ಭಾರತ, ಶ್ರೀಲಂಕಾದ ವಿದ್ಯಾರ್ಥಿಗಳೂ ಅಲ್ಲಿ ಓದಿದರು. ಡಾಕ್ಟರಾಗಲು ಬೇರೆ ದೇಶಕ್ಕೆ ಹೋಗಬೇಕಿದ್ದ ನೇಪಾಳದ ಎಷ್ಟೋ ಹುಡುಗ ಹುಡುಗಿಯರಿಗೆ ಓದು ತಮ್ಮ ನೆಲದಲ್ಲೇ ಸಿಕ್ಕಿತು. ಸುತ್ತಲಿನ ಬೆಟ್ಟದ ಜಿಲ್ಲೆಗಳ ರೋಗಿಗಳಿಗೆ ಹತ್ತಿರದಲ್ಲೊಂದು ದೊಡ್ಡ ಆಸ್ಪತ್ರೆ ದೊರೆಯಿತು. ಇದು ಸಾಧ್ಯವಾದದ್ದು ಯಾವ ದೊಡ್ಡ ಪ್ರಾದೇಶಿಕ ಒಪ್ಪಂದದಿಂದಲೂ ಅಲ್ಲ. ನೇಪಾಳ ತನಗೆ ಬೇಕಾದುದನ್ನು ನೋಡಿ ಬಾಗಿಲು ತೆರೆಯಿತು, ಷರತ್ತು ಹಾಕಿತು, ಪದವಿಯ ಮೇಲಿನ ಹಿಡಿತವನ್ನು ತನ್ನ ವಿಶ್ವವಿದ್ಯಾಲಯದ ಕೈಯಲ್ಲೇ ಇಟ್ಟುಕೊಂಡಿತು.

ಪ್ರಾದೇಶಿಕ ಒಪ್ಪಂದವೇ ಇಲ್ಲವೆಂದಲ್ಲ. 2010ರ ಏಪ್ರಿಲ್‌ನಲ್ಲಿ ಭೂತಾನದ ಥಿಂಪುವಿನಲ್ಲಿ ನಡೆದ, ದಕ್ಷಿಣ ಏಷ್ಯಾದ ಎಂಟು ದೇಶಗಳ ಕೂಟವಾದ ಸಾರ್ಕ್‌ನ ಶೃಂಗಸಭೆಯಲ್ಲಿ ಎಂಟೂ ದೇಶಗಳು ಸೇವಾ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. 2012ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಆದರೆ ಒಪ್ಪಂದದ ಮುಖ್ಯ ಭಾಗ ಅದರ ಅನುಬಂಧದಲ್ಲಿತ್ತು. ಯಾವ ದೇಶ ಯಾವ ಸೇವೆಯನ್ನು ನೆರೆಯವರಿಗೆ ತೆರೆಯುತ್ತದೆ ಎಂಬ ಪಟ್ಟಿಯನ್ನು ಪ್ರತಿ ದೇಶವೂ ಕೊಡಬೇಕಿತ್ತು. ಆ ಪಟ್ಟಿಗಳ ಮೇಲಿನ ಮಾತುಕತೆ ಮುಗಿಯಲೇ ಇಲ್ಲ. 2014ರಲ್ಲಿ ಕಠ್ಮಂಡುವಿನಲ್ಲಿ ನಡೆದದ್ದೇ ಸಾರ್ಕ್‌ನ ಕೊನೆಯ ಶೃಂಗಸಭೆ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದುದು ರದ್ದಾಯಿತು. ಸಹಿ ಬಿದ್ದ ಒಪ್ಪಂದ ಕಪಾಟಿನಲ್ಲಿ ಕೂತಿದೆ.

ಆ ಒಪ್ಪಂದದ ರಚನೆಯಲ್ಲೂ ಒಂದು ದೋಷವಿತ್ತು. ಪಟ್ಟಿಯಲ್ಲಿ ಬರೆದ ಸೇವೆಗಳು ಮಾತ್ರ ತೆರೆದವು, ಬರೆಯದೇ ಬಿಟ್ಟವು ಮುಚ್ಚಿದಂತೆ ಎಂಬುದು ಅದರ ರೀತಿ. ಹಾಗಾದಾಗ ಅಧಿಕಾರಿಗಳು ಕೈ ತಡೆದು ಬರೆಯುತ್ತಾರೆ. ಯಾವುದರಿಂದ ಯಾರಿಗೂ ತೊಂದರೆಯಾಗದೋ ಅದನ್ನೇ ಬರೆಯುತ್ತಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಇದನ್ನು ತಿರುಗಿಸಿ ಮಾಡಿದವು. 1983ರಲ್ಲಿ ಸರಕಿನ ಒಪ್ಪಂದ ಮಾಡಿಕೊಂಡ ಈ ಎರಡು ನೆರೆಯ ದೇಶಗಳು 1988ರಲ್ಲಿ ಸೇವೆಗಳ ಒಪ್ಪಂದ ಬರೆದಾಗ ಎಲ್ಲ ಸೇವೆಗಳೂ ತೆರೆದಿವೆ, ಹೊರಗಿಟ್ಟವನ್ನು ಮಾತ್ರ ಹೆಸರಿಸಿ ಬರೆಯತಕ್ಕದ್ದು ಎಂದವು. ದೂರಸಂಪರ್ಕ, ವಿಮಾನಯಾನ, ಕರಾವಳಿ ಹಡಗು ಇಂಥವು ಮೊದಲಿಗೆ ಹೊರಗಿದ್ದವು. ವರ್ಷ ಕಳೆದಂತೆ ಆ ಪಟ್ಟಿ ಚಿಕ್ಕದಾಗುತ್ತ ಬಂತು. ಯಾವುದನ್ನು ಮುಚ್ಚಿದ್ದೀರಿ ಎಂದು ಸರ್ಕಾರವೇ ಬರೆದು ಹೇಳಬೇಕಾದಾಗ, ಯಾಕೆ ಮುಚ್ಚಿದ್ದೀರಿ ಎಂದು ಕೇಳುವವರೂ ಹುಟ್ಟುತ್ತಾರೆ.

ಇನ್ನೂ ಮುಖ್ಯವಾದದ್ದು ಆಮೇಲೆ ಬಂತು. 1998ರ ಮೇ 1ರಿಂದ ಜಾರಿಗೆ ಬಂದ ಪರಸ್ಪರ ಮಾನ್ಯತೆಯ ವ್ಯವಸ್ಥೆಯಂತೆ ಒಂದು ದೇಶದಲ್ಲಿ ನೋಂದಣಿಯಾದ ವೃತ್ತಿಪರ ಇನ್ನೊಂದು ದೇಶದಲ್ಲಿ ಅದೇ ವೃತ್ತಿಗೆ ಅರ್ಜಿ ಹಾಕಿ ನೋಂದಣಿ ಪಡೆಯಬಹುದು. ಮತ್ತೆ ಪರೀಕ್ಷೆ ಬರೆಯಬೇಕಾಗಿಲ್ಲ. ವೆಲಿಂಗ್ಟನ್ನಿನ ನರ್ಸ್ ಸಿಡ್ನಿಯಲ್ಲಿ ಕೆಲಸಕ್ಕೆ ಸೇರುವುದು ಇದರಿಂದ ಸಲೀಸಾಯಿತು. ವೈದ್ಯರನ್ನು ಮಾತ್ರ ಈ ವ್ಯವಸ್ಥೆಯಿಂದ ಹೊರಗಿಟ್ಟಿದ್ದಾರೆ, ಅವರಿಗೆ ಬೇರೆ ದಾರಿಯಿದೆ.

ಮಾನ್ಯತೆಯನ್ನು ಕಾಗದದಲ್ಲಿ ಮಾತ್ರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಗ್ನೇಯ ಏಷ್ಯಾವನ್ನು ನೋಡಬಹುದು. ಆಸಿಯಾನ್ ದೇಶಗಳು 1995ರಲ್ಲೇ ಸೇವೆಗಳ ಚೌಕಟ್ಟು ಒಪ್ಪಂದ ಮಾಡಿಕೊಂಡವು. 2005ರಲ್ಲಿ ಎಂಜಿನಿಯರುಗಳಿಗೆ, 2006ರಲ್ಲಿ ನರ್ಸುಗಳಿಗೆ, ಮುಂದೆ ವೈದ್ಯರಿಗೆ, ದಂತವೈದ್ಯರಿಗೆ ಪರಸ್ಪರ ಮಾನ್ಯತೆಯ ಒಪ್ಪಂದಗಳು ಬಂದವು. ಓದಲು ಸೊಗಸಾದ ದಾಖಲೆಗಳು. ಆದರೆ ಫಿಲಿಪ್ಪೀನ್ಸ್‌ನ ನರ್ಸ್ ಥಾಯ್ಲೆಂಡಿನಲ್ಲಿ ಕೆಲಸ ಮಾಡಬೇಕೆಂದರೆ ಅಲ್ಲಿನ ಪರವಾನಗಿ ಪರೀಕ್ಷೆಯನ್ನು ಥಾಯ್ ಭಾಷೆಯಲ್ಲೇ ಬರೆಯಬೇಕು. ಹೀಗಾಗಿ ಆ ಒಪ್ಪಂದದ ದಾರಿಯಲ್ಲಿ ಗಡಿ ದಾಟಿದ ನರ್ಸುಗಳು ವಿರಳ. ಅವರು ಸೌದಿಗೆ, ಬ್ರಿಟನ್ನಿಗೆ, ಅಮೆರಿಕಕ್ಕೆ ಹೋಗುತ್ತಾರೆ. ಕೇರಳ, ಕರ್ನಾಟಕದ ನರ್ಸುಗಳೂ ಇದೇ ದಾರಿ ಹಿಡಿದವರು. ಹತ್ತಿರದ ದೇಶ ಕೊಡದ ಕೆಲಸವನ್ನು ದೂರದ ದೇಶ ಕೊಡುತ್ತದೆ.

ಹೀಗಾಗಲು ಬರೀ ಆಡಳಿತದ ಸೋಮಾರಿತನ ಕಾರಣವಲ್ಲ. ದೊಡ್ಡ ನೆರೆಯವನ ಬಗ್ಗೆ ಚಿಕ್ಕ ದೇಶಕ್ಕಿರುವ ಭಯವೂ ಕಾರಣ, ಆ ಭಯವನ್ನು ತಳ್ಳಿಹಾಕುವಂತಿಲ್ಲ. ಶ್ರೀಲಂಕಾದ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಭಾರತ ಮತ್ತು ಶ್ರೀಲಂಕಾ 1998ರಲ್ಲಿ ಸರಕಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು, 2000ದ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಸೇವೆ, ಹೂಡಿಕೆಗಳನ್ನೂ ಸೇರಿಸಿದ ದೊಡ್ಡ ಒಪ್ಪಂದವೊಂದು 2008ರಲ್ಲಿ ಸಹಿಗೆ ಸಿದ್ಧವಾಗಿತ್ತು. ಕೊಲಂಬೊ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. 2016ರಲ್ಲಿ ಹೊಸ ಹೆಸರಿನಲ್ಲಿ ಮಾತುಕತೆ ಶುರುವಾದಾಗ ಅಲ್ಲಿನ ಸರ್ಕಾರಿ ವೈದ್ಯರ ಸಂಘ, ಐ.ಟಿ. ವೃತ್ತಿಪರರು ಬೀದಿಗಿಳಿದರು. ಎರಡು ಕೋಟಿ ಚಿಲ್ಲರೆ ಜನರ ದ್ವೀಪಕ್ಕೆ ನೂರು ಕೋಟಿ ದಾಟಿದ ದೇಶದಿಂದ ಕಡಿಮೆ ಸಂಬಳದ ವೃತ್ತಿಪರರು ಬಂದಿಳಿದರೆ ನಮ್ಮ ಮಕ್ಕಳ ಗತಿಯೇನು ಎಂಬುದು ಅವರ ಪ್ರಶ್ನೆ. ದೆಹಲಿಯಲ್ಲಿ ಕೂತು ಇದನ್ನು ಅತಿರೇಕ ಎನ್ನುವುದು ಸುಲಭ. ಕನ್ನಡಿಗರಿಗೆ, ಹೊರಗಿನವರು ಬಂದು ಕೆಲಸ ಕಿತ್ತುಕೊಳ್ಳುತ್ತಾರೆಂಬ ಮಾತು ತಮ್ಮ ಊರಲ್ಲೇ ಆಗಾಗ ಏಳುವುದನ್ನು ಕಂಡಿರುವವರಿಗೆ, ಕೊಲಂಬೊದ ಆತಂಕ ಅಷ್ಟು ಅಪರಿಚಿತವಾಗಿರಲಾರದು.

ಅದೇ 2016ರಲ್ಲಿ ಅದೇ ಶ್ರೀಲಂಕಾದಲ್ಲಿ ಇನ್ನೊಂದು ಕೆಲಸ ನಡೆಯಿತು. ಕರ್ನಾಟಕದ ಹಳ್ಳಿಹಳ್ಳಿಗೂ 108 ಆಂಬುಲೆನ್ಸ್ ಗೊತ್ತು. 2008ರ ರಾಜ್ಯೋತ್ಸವದ ದಿನ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಅದು ಇಲ್ಲಿ ಶುರುವಾಯಿತು. ಅದನ್ನು ನಡೆಸುತ್ತಿದ್ದ ಸಂಸ್ಥೆಯ ಅನುಭವವನ್ನೇ ಬಳಸಿ, ಭಾರತ ಸರ್ಕಾರದ ಅನುದಾನದಲ್ಲಿ, 2016ರ ಜುಲೈನಲ್ಲಿ ಶ್ರೀಲಂಕಾದ ಪಶ್ಚಿಮ ಮತ್ತು ದಕ್ಷಿಣ ಪ್ರಾಂತ್ಯಗಳಲ್ಲಿ 88 ವಾಹನಗಳ ತುರ್ತು ಸೇವೆ ಆರಂಭವಾಯಿತು. ಅಲ್ಲಿ ಕರೆ ಮಾಡಬೇಕಾದ ಸಂಖ್ಯೆ 1990, ಹೆಸರು 'ಸುವ ಸೆರಿಯ'. ಆಗಲೂ ಆಕ್ಷೇಪಗಳು ಕೇಳಿಬಂದವು. ಆದರೆ ವಾಹನದಲ್ಲಿ ಕೂತು ಬರುವ ಸಿಬ್ಬಂದಿ ಶ್ರೀಲಂಕಾದವರು. ಮೊದಲ ತಂಡದ ತರಬೇತಿ ಹೈದರಾಬಾದಿನಲ್ಲಿ ಆಗಿತ್ತು, ಕೆಲಸ ಅವರ ಊರಿನಲ್ಲಿ ಸಿಕ್ಕಿತು. 2018ರಲ್ಲಿ ಶ್ರೀಲಂಕಾ ಸಂಸತ್ತು ಕಾನೂನು ಮಾಡಿ ಈ ಸೇವೆಗೆ ಸ್ವಂತ ಪ್ರತಿಷ್ಠಾನ ಕಟ್ಟಿತು, ಮುಂದೆ ಸೇವೆ ಇಡೀ ದ್ವೀಪಕ್ಕೆ ಹಬ್ಬಿತು. 2019ರ ಈಸ್ಟರ್ ದಿನದ ಬಾಂಬ್ ದಾಳಿಯಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಸಾಗಿಸಿದ್ದರಲ್ಲಿ ಈ ವಾಹನಗಳೂ ಇದ್ದವು. ದೊಡ್ಡ ಒಪ್ಪಂದ ಬೀದಿಯಲ್ಲಿ ಸೋತ ವರ್ಷವೇ ಈ ಸಣ್ಣ ವ್ಯವಸ್ಥೆ ಬೇರೂರಿತು. ವಿದ್ಯೆ ದಾಟಿಬಂತು, ಉದ್ಯೋಗ ಸ್ಥಳೀಯರಲ್ಲೇ ಉಳಿಯಿತು. ದೊಡ್ಡ ದೇಶ ನೆರೆಯಲ್ಲಿ ಸೇವೆ ಮಾರಲು ಹೊರಟರೆ ಅನುಸರಿಸಬೇಕಾದ ಕ್ರಮ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಚಿಕ್ಕ ದೇಶ ತನ್ನ ಮಿತಿ ತಾನೇ ಹಾಕಿಕೊಳ್ಳುವುದೂ ತಪ್ಪಲ್ಲ. ಭೂತಾನ ಭಾರತೀಯ ಪ್ರವಾಸಿಗರಿಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಹಾಕಿದಾಗ ಇಲ್ಲಿ ಗೊಣಗಿದವರಿದ್ದರು. ಎಂಟು ಲಕ್ಷದಷ್ಟು ಜನಸಂಖ್ಯೆಯ ಬೆಟ್ಟದ ನಾಡು ತನ್ನ ದಾರಿ, ಕಾಡು, ಮಠಗಳನ್ನು ಕಾಪಾಡಿಕೊಳ್ಳಲು ಪ್ರವಾಸೋದ್ಯಮಕ್ಕೆ ಬೆಲೆ ಕಟ್ಟಿತು. ಬಾಗಿಲು ಮುಚ್ಚಲಿಲ್ಲ, ನಿಯಮವನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟಿತು.

ಸಾಗಣೆಯ ವಿಷಯಕ್ಕೆ ಬಂದರೆ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ನೋಡಬೇಕು. ಆಚೆ ಕಡೆ ಬಾಂಗ್ಲಾದೇಶದ ಬೆನಾಪೋಲ್. ಭಾರತದ ಲಾರಿ ದಿನಗಟ್ಟಲೆ ಸರದಿಯಲ್ಲಿ ನಿಂತು, ಚಾಲಕನ ಕೈಗೆ ತಾತ್ಕಾಲಿಕ ಪಾಸ್ ಸಿಕ್ಕ ಮೇಲೆ ಗೇಟು ದಾಟುತ್ತದೆ. ದಾಟಿ ಹೋಗುವುದು ಬೆನಾಪೋಲಿನ ಗೋದಾಮಿನ ಅಂಗಳದವರೆಗೆ ಮಾತ್ರ. ಅಲ್ಲಿ ಹಮಾಲರು ಸರಕು ಇಳಿಸುತ್ತಾರೆ, ಖಾಲಿ ಲಾರಿ ಹಿಂದಿರುಗುತ್ತದೆ, ಅದೇ ಸರಕನ್ನು ಬಾಂಗ್ಲಾದ ಲಾರಿಗೆ ಮತ್ತೆ ತುಂಬುತ್ತಾರೆ. ಇಲ್ಲಿ ಸಿಕ್ಕಿಹಾಕಿಕೊಂಡಿರುವುದು ಸರಕಲ್ಲ, ಲಾರಿ ಓಡಿಸುವ ಸೇವೆ. ಇದನ್ನು ಬಿಡಿಸಲೆಂದೇ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ 2015ರ ಜೂನ್ 15ರಂದು ಥಿಂಪುವಿನಲ್ಲಿ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಆ ವರ್ಷದ ನವೆಂಬರ್‌ನಲ್ಲಿ ಕೋಲ್ಕತ್ತದಿಂದ ಢಾಕಾ ಮೂಲಕ ಅಗರ್ತಲಾಕ್ಕೆ ಒಂದು ಲಾರಿ ಪರೀಕ್ಷಾರ್ಥವಾಗಿ ಹೋಯಿತು. ಭಾರತದೊಳಗೇ ಸಿಲಿಗುರಿ ಸುತ್ತಿ ಹೋದರೆ 1,500 ಕಿಲೋಮೀಟರಿಗೂ ಹೆಚ್ಚಿನ ದಾರಿ. ಢಾಕಾ ಮೂಲಕವಾದರೆ ಅದರ ಅರ್ಧದಷ್ಟೂ ಇಲ್ಲ. ಆದರೆ ಭೂತಾನದ ಮೇಲ್ಮನೆ ಒಪ್ಪಂದವನ್ನು ತಿರಸ್ಕರಿಸಿತು. ಕಿರಿದಾದ ರಸ್ತೆಗಳು, ಪರಿಸರ, ಸ್ವಂತ ಲಾರಿ ಮಾಲೀಕರ ಹೊಟ್ಟೆಪಾಡು ಅವರ ಚಿಂತೆ. ಉಳಿದ ಮೂವರು ಮುಂದುವರಿಯಬಹುದು ಎಂದು ಭೂತಾನವೇ ಹೇಳಿದರೂ ದಿನನಿತ್ಯದ ಸಾಗಣೆ ಆರಂಭವಾಗಲಿಲ್ಲ.

ವಿದ್ಯುತ್ತಿನಲ್ಲಿ ಮಾತ್ರ ನಿಜವಾದ ಮುನ್ನಡೆ ಕಂಡಿದೆ. ಒಂದು ಕಾಲಕ್ಕೆ ಚಳಿಗಾಲದಲ್ಲಿ ದಿನಕ್ಕೆ ಹದಿನಾರು ಗಂಟೆ ಲೋಡ್‌ಶೆಡ್ಡಿಂಗ್ ಅನುಭವಿಸುತ್ತಿದ್ದ ನೇಪಾಳ, 2021ರ ನವೆಂಬರಿನಿಂದ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ತನ್ನ ಜಲವಿದ್ಯುತ್ತು ಮಾರುತ್ತಿದೆ. 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ಮೂರು ದೇಶಗಳ ಒಪ್ಪಂದವಾಯಿತು: ನೇಪಾಳದ 40 ಮೆಗಾವ್ಯಾಟ್ ವಿದ್ಯುತ್ತು ಭಾರತದ ತಂತಿಗಳ ಮೂಲಕ ಹಾದು ಬಾಂಗ್ಲಾದೇಶಕ್ಕೆ. ನವೆಂಬರ್ 15ರಂದು ಮೊದಲ ಬಾರಿ ಹರಿಯಿತು. ನಲವತ್ತು ಮೆಗಾವ್ಯಾಟ್ ಎಂದರೆ ಶರಾವತಿ ಕಣಿವೆಯನ್ನು ಬಲ್ಲವರಿಗೆ ಏನೂ ಅಲ್ಲ. ಆದರೂ ಈ ಘಟನೆಗೆ ತೂಕವಿದೆ. ವಿದ್ಯುತ್ತು ನೇಪಾಳದ್ದು, ಕೊಂಡವರು ಬಾಂಗ್ಲಾದವರು, ಭಾರತ ಮಾರಿದ್ದು ಸಾಗಣೆಯ ಸೇವೆ ಮಾತ್ರ. ಢಾಕಾದೊಂದಿಗೆ ಸಂಬಂಧ ಹಳಸಿ, ವೀಸಾ ನಿಂತು, ರೈಲು ನಿಂತಿದ್ದ ತಿಂಗಳುಗಳಲ್ಲೇ ಇದು ನಡೆಯಿತು. ಮೂವರಿಗೂ ಹಣದ ಲಾಭವಿದ್ದ, ಬೆಲೆ, ಅವಧಿ, ಮಾರ್ಗ ಎಲ್ಲವೂ ಮೊದಲೇ ಬರೆದಿಟ್ಟ ಕರಾರು ರಾಜಕೀಯದ ಬಿರುಗಾಳಿಯನ್ನು ತಡೆದುಕೊಂಡಿತು.

ಅಂಥ ಕರಾರಿಲ್ಲದ ಸೇವೆಗಳ ಗತಿ ಬೇರೆ. ಬಾಂಗ್ಲಾದೇಶದ ರಫ್ತು ಸರಕು ಭಾರತದ ಬಂದರು, ವಿಮಾನ ನಿಲ್ದಾಣಗಳ ಮೂಲಕ ಮೂರನೆಯ ದೇಶಗಳಿಗೆ ಹೋಗಲು 2020ರಲ್ಲಿ ಕೊಟ್ಟಿದ್ದ ಅವಕಾಶವನ್ನು 2025ರ ಏಪ್ರಿಲ್‌ನಲ್ಲಿ ಭಾರತ ಒಂದು ಸುತ್ತೋಲೆಯಲ್ಲಿ ಹಿಂತೆಗೆದುಕೊಂಡಿತು. ಸುತ್ತೋಲೆಯಿಂದ ಬಂದ ಸೌಲಭ್ಯ ಸುತ್ತೋಲೆಯಿಂದಲೇ ಹೋಗುತ್ತದೆ. ಅದನ್ನು ನಂಬಿ ಗೋದಾಮು ಕಟ್ಟಿದವರು ಆಮೇಲೆ ಇನ್ನೊಂದು ಗೋದಾಮು ಕಟ್ಟುವಾಗ ಎರಡು ಸಲ ಯೋಚಿಸುತ್ತಾರೆ.

ಹಣ ಸಾಗುವ ದಾರಿಯನ್ನೂ ಇಲ್ಲಿ ನೆನೆಯಬೇಕು, ಯಾಕೆಂದರೆ ಬೆಲೆ ತೆರಲಾಗದ ಸೇವೆಯನ್ನು ಯಾರೂ ಕೊಳ್ಳಲಾರರು. ಯು.ಪಿ.ಐ. ಪದ್ಧತಿ 2021ರ ಜುಲೈನಲ್ಲಿ ಭೂತಾನಕ್ಕೆ ಹೋಯಿತು, 2024ರಲ್ಲಿ ಶ್ರೀಲಂಕಾ ಮತ್ತು ನೇಪಾಳಕ್ಕೆ. ಕೊಲಂಬೊದ ಅಂಗಡಿಯಲ್ಲಿ ಮಂಡ್ಯದ ಪ್ರವಾಸಿ ತನ್ನ ಫೋನಿನಿಂದಲೇ ಹಣ ಕೊಡಬಹುದು. ಇಲ್ಲಿ ದುಡಿದು ಮನೆಗೆ ಹಣ ಕಳಿಸುವ ನೆರೆಯವರಿಗೆ ಅಷ್ಟು ಸುಲಭವಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತ, ಹೋಟೆಲಿನಲ್ಲಿ ಮೋಮೊ ಬೇಯಿಸುವ ನೇಪಾಳಿ ಯುವಕನೂ ಸೇವೆ ಮಾರುವವನೇ. 1950ರ ಭಾರತ-ನೇಪಾಳ ಒಪ್ಪಂದದ ಕಾರಣ ಅವನಿಗೆ ವೀಸಾ ಬೇಡ. ಮನೆಗೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಅಧಿಕೃತ ವ್ಯವಸ್ಥೆಯೂ ಇದೆ. 2021ರಲ್ಲಿ ಅದರ ಮಿತಿಯನ್ನು ಒಂದು ಸಲಕ್ಕೆ 50,000 ರೂಪಾಯಿಯಿಂದ 2 ಲಕ್ಷಕ್ಕೆ ಏರಿಸಿದರು. ಆದರೂ ಎಷ್ಟೋ ಮಂದಿ ಊರಿಗೆ ಹೊರಟ ಗೆಳೆಯನ ಕೈಗೆ ನೋಟಿನ ಕಟ್ಟು ಕೊಟ್ಟು ಕಳಿಸುತ್ತಾರೆ, ಇಲ್ಲವೇ ಹುಂಡಿಯವನ ಬಳಿ ಹೋಗುತ್ತಾರೆ. ಬ್ಯಾಂಕಿನ ಫಾರಂ ತುಂಬಿಸಿ, ದಾಖಲೆ ತೋರಿಸಿ, ಬೆಟ್ಟದ ಹಳ್ಳಿಯಿಂದ ಬ್ಯಾಂಕಿರುವ ಪೇಟೆಗೆ ತಾಯಿಯನ್ನು ಓಡಾಡಿಸುವುದಕ್ಕಿಂತ ಅದು ಅವರಿಗೆ ಹತ್ತಿರ.

ಫೋನಿನ ಮಾತೂ ಹಾಗೆಯೇ. ಪೂರ್ವ ಆಫ್ರಿಕಾದ ಕೀನ್ಯಾ, ಉಗಾಂಡಾ, ರುವಾಂಡಾ 2014ರ ಹೊತ್ತಿಗೆ ತಮ್ಮ ನಡುವಿನ ಕರೆಗಳನ್ನು ಸ್ಥಳೀಯ ಕರೆಗಳಂತೆ ನೋಡಬೇಕೆಂದು ನಿರ್ಧರಿಸಿದವು, ರೋಮಿಂಗ್‌ನಲ್ಲಿ ಬಂದ ಕರೆಗೆ ಶುಲ್ಕ ತೆಗೆದುಹಾಕಿದವು. ಕರೆಗಳ ಪ್ರಮಾಣ ಹಲವು ಪಟ್ಟು ಹೆಚ್ಚಿತು. ಭಾರತಕ್ಕಿಂತ ಬಡವಾದ ದೇಶಗಳಿಗೆ ಸಾಧ್ಯವಾದದ್ದು ಬೆಂಗಳೂರು ಮತ್ತು ನೇಪಾಳದ ಬುಟ್ವಲ್ ನಡುವೆ ಯಾಕೆ ಸಾಧ್ಯವಾಗಬಾರದು?

2024–25ರಲ್ಲಿ ಭಾರತದ ಸೇವಾ ರಫ್ತು 387 ಬಿಲಿಯನ್ ಡಾಲರ್ ಸಮೀಪಿಸಿತು. ಅದರಲ್ಲಿ ಸಾಫ್ಟ್‌ವೇರಿನ ಸಿಂಹಪಾಲು ಕರ್ನಾಟಕದ್ದು. ಆ ಸಾಫ್ಟ್‌ವೇರ್ ಬಹುಪಾಲು ಹೋಗುವುದು ಅಮೆರಿಕ, ಯುರೋಪಿಗೆ. ಹೀಗಿರುವಾಗ ಚಿಕ್ಕ ನೆರೆಯವರಿಂದ ಸಮಸಮ ರಿಯಾಯಿತಿ ಕೇಳುತ್ತ ಕೂರುವ ಅಗತ್ಯ ಭಾರತಕ್ಕಿಲ್ಲ. ತಾನೇ ಮೊದಲು ತೆರೆಯುವ ಶಕ್ತಿ ಅದಕ್ಕಿದೆ. ಆದರೂ ಬಾಂಗ್ಲಾದೇಶದ ಸರ್ಕಾರಿ ದೂರದರ್ಶನ ವಾಹಿನಿ ಭಾರತದ ಉಚಿತ ಡಿಷ್‌ನಲ್ಲಿ ಕಾಣಿಸಿಕೊಳ್ಳಲು 2019ರವರೆಗೆ ಕಾಯಬೇಕಾಯಿತು. ನಮ್ಮ ಧಾರಾವಾಹಿಗಳು ಅದಕ್ಕೆ ಎಷ್ಟೋ ಮೊದಲೇ ಢಾಕಾದ ಮನೆಮನೆ ಸೇರಿದ್ದವು. ಇಂಥ ಏಕಮುಖ ಹರಿವೇ ನೆರೆಯವರ ಮನಸ್ಸಿನಲ್ಲಿ ಸಂಶಯ ಬಿತ್ತುವುದು.

ಚಿಕಿತ್ಸೆಯ ವೀಸಾವನ್ನು ರಾಜಕೀಯದಿಂದ ಬೇರ್ಪಡಿಸುವುದು ಮೊದಲ ಕೆಲಸ. ಒಮ್ಮೆ ಚಿಕಿತ್ಸೆ ಶುರುವಾದ ರೋಗಿಗೆ, ಜೊತೆಗೆ ಬರುವ ಒಬ್ಬ ಬಂಧುವಿಗೆ, ಆ ಚಿಕಿತ್ಸೆ ಮುಗಿಯುವವರೆಗೆ ವೀಸಾ ಸಿಗುತ್ತದೆಂಬ ಲಿಖಿತ ಭರವಸೆ ಬೇಕು. ಸರ್ಕಾರಗಳು ಬದಲಾದರೂ ಆ ಭರವಸೆ ಬದಲಾಗಬಾರದು.

ಇನ್ನೊಂದು ಕೆಲಸ ಕರ್ನಾಟಕದ ಮಟ್ಟಿಗೆ ತೀರ ಹತ್ತಿರದ್ದು. ಭಾರತದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ಮಂದಿ ನೇಪಾಳದವರು ಎನ್ನುತ್ತದೆ ಕೇಂದ್ರ ಶಿಕ್ಷಣ ಸಚಿವಾಲಯದ ಸಮೀಕ್ಷೆ. ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯುವ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಅವರಲ್ಲಿ ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಸೇರಿದ ಹುಡುಗಿಯರೂ ಇದ್ದಾರೆ. ನಾಲ್ಕು ವರ್ಷ ಇಲ್ಲಿನ ವಾರ್ಡುಗಳಲ್ಲಿ ರಾತ್ರಿ ಪಾಳಿ ಮಾಡಿ, ಕನ್ನಡದಲ್ಲಿ 'ನೋವು ಎಲ್ಲಿ ಅಮ್ಮ' ಎಂದು ಕೇಳಲು ಕಲಿತು, ಪದವಿ ಹಿಡಿದು ಊರಿಗೆ ಹೋದವರು ಅಲ್ಲಿ ಮತ್ತೆ ನೇಪಾಳ ನರ್ಸಿಂಗ್ ಕೌನ್ಸಿಲ್‌ನ ಪರವಾನಗಿ ಪರೀಕ್ಷೆ ಬರೆಯಬೇಕು. ನೇಪಾಳದಲ್ಲಿ ನೋಂದಣಿಯಾದ ನರ್ಸ್ ಇಲ್ಲಿಗೆ ಬಂದರೂ ಇಲ್ಲಿನ ಪರಿಷತ್ತಿನ ಬಾಗಿಲು ತಟ್ಟಬೇಕು. ಗಡಿಯಲ್ಲಿ ಅವರಿಗೆ ವೀಸಾ ಬೇಡ, ವೃತ್ತಿಗೆ ಮಾತ್ರ ಎರಡೆರಡು ಪರವಾನಗಿ. ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ನೇಪಾಳದ ಕೌನ್ಸಿಲ್ ಎರಡೂ ಪಠ್ಯಕ್ರಮಗಳನ್ನು ಮೇಜಿನ ಮೇಲಿಟ್ಟು, ಎಲ್ಲಿ ಸಮ, ಎಲ್ಲಿ ಕೊರತೆ ಎಂದು ಗುರುತು ಹಾಕಿ, ಕೊರತೆಯಿದ್ದಲ್ಲಿಗೆ ಕೆಲವು ವಾರಗಳ ಪೂರಕ ತರಬೇತಿ ಗೊತ್ತುಮಾಡಬಹುದು. ಇದಕ್ಕೆ ಸಾರ್ಕ್ ಶೃಂಗಸಭೆ ಬೇಕಾಗಿಲ್ಲ, ಪ್ರಧಾನಿಗಳ ಭೇಟಿಯೂ ಬೇಕಾಗಿಲ್ಲ. ಈಗ ಆ ಕಾಲೇಜುಗಳಲ್ಲಿ ಮೊದಲ ವರ್ಷ ಓದುತ್ತಿರುವ ನೇಪಾಳಿ ವಿದ್ಯಾರ್ಥಿನಿಯರು ಪದವಿ ಮುಗಿಸುವುದರೊಳಗೆ ಈ ಕೆಲಸ ಆಗಲು ಸಾಧ್ಯವಿದೆ.